ಕೊಯ್ಲು ಯಂತ್ರಕ್ಕೆ ಭಾವ ಹಾಕಿದ ಗುರುತು

ಭಾವ ತೀರಿಕೊಂಡ ಹದಿನಾಲ್ಕನೆಯ ದಿನ, ಅವರು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಿಂದ ಅಕ್ಕನಿಗೆ ಫೋನ್ ಬಂತು. ಮಾತನಾಡಿದ್ದು ಅಲ್ಲಿನ ಫೋರ್‌ಮನ್. ಸಂತಾಪದ ಒಂದು ವಾಕ್ಯ ಹೇಳಿ ಅದರ ಬೆನ್ನಿಗೇ ಕೇಳಿದ: ನಿಮ್ಮ ಭಾಷೆ ಓದಲು ಬರುವವರು ಮನೆಯಲ್ಲಿ ಯಾರಾದರೂ ಇದ್ದಾರಾ?

ಅಕ್ಕ ಫೋನನ್ನು ನನ್ನ ಕೈಗೆ ತುರುಕಿದಳು. "ನೀನೇ ಮಾತಾಡು ಮಾರಾಯ. ಮನುಷ್ಯ ಹೋದದ್ದು ಅವರಿಗೆ ಲೆಕ್ಕವೇ ಇಲ್ಲ. ಎಂತದೋ ಓದ್ಲಿಕ್ಕೆ ಜನ ಬೇಕಂತೆ."

ನಾನು ಸಿಡ್ನಿಯಿಂದ ಬಂದವನು. ಅಲ್ಲಿಯ ಸ್ಕೋಫೀಲ್ಡ್ಸ್‌ನಲ್ಲಿ ಬಾಡಿಗೆ ಮನೆ, ಕನ್ವೇಯರ್ ಬೆಲ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಫಿಟ್ಟರ್ ಕೆಲಸ. ಭಾವ ಇಲ್ಲಿಯ ಕ್ಲೇಟನ್‌ನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ನಾನು ಬಂದದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ಅವರು ಮಾತನಾಡುವ ಸ್ಥಿತಿಯಲ್ಲಿ ಇರಲಿಲ್ಲ. ಕ್ರಿಯೆಗಳು ಮುಗಿದ ಮೇಲೂ ವಿಂಡಮ್ ವೇಲ್‌ನ ಅಕ್ಕನ ಮನೆಯಲ್ಲೇ ಉಳಿದಿದ್ದೆ. ಮಾಡಲು ಏನೂ ಇರಲಿಲ್ಲ. ಆ ಫೋನಿಗೆ ನಾನು ಹೂಂ ಅಂದದ್ದು ಮುಖ್ಯವಾಗಿ ಅದಕ್ಕೇ.

ಭಾವ ಬಿಚ್ಚಿಟ್ಟು ಹೋದದ್ದು ಒಂದು ಹಳೆಯ ಕೊಯ್ಲು ಯಂತ್ರವನ್ನು. ಟ್ರ್ಯಾಕ್ಟರಿನ ಹಿಂದೆ ಎಳೆಸಿಕೊಂಡು ಹೋಗುತ್ತಲೇ ಗೋಧಿ ಕೊಯ್ದು, ಒಕ್ಕಿ, ತೂರಿ, ಕಾಳನ್ನು ತನ್ನ ಪೆಟ್ಟಿಗೆಗೆ ತುಂಬಿಕೊಳ್ಳುವಂಥದ್ದು. ಕೆನಡಾದ ಬಯಲುಸೀಮೆಯ ಗೋಧಿ ಬೆಳೆಗಾರರು ಸೇರಿ ಕಟ್ಟಿಕೊಂಡಿದ್ದ ಸಹಕಾರಿ ಕಾರ್ಖಾನೆಯಲ್ಲಿ ಅದು ತಯಾರಾಗಿತ್ತು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬಿಡಿಭಾಗ ಕೇಳಿದರೆ ಕೊಡುವವರಿಲ್ಲ, ನಕ್ಷೆ ಕೇಳಿದರೆ ಇಟ್ಟುಕೊಂಡವರಿಲ್ಲ. ಎರಕದ ಭಾಗಗಳ ಮೇಲೆ ನಂಬರುಗಳು ಉಬ್ಬಿಕೊಂಡಿದ್ದವು. ಯಾವ ನಂಬರು ಎಲ್ಲಿಗೆ ಎಂದು ತಿಳಿಸುವ ಪುಸ್ತಕದ ಮೊದಲರ್ಧವನ್ನು ಇಲಿ ತಿಂದು ಮುಗಿಸಿತ್ತು.

ವರ್ಕ್‌ಶಾಪಿನ ಹಿಂಬದಿಯ ಶೆಡ್ಡಿನಲ್ಲಿ ಆ ಯಂತ್ರದ ಮೈ ಒಂದು ಕಡೆ ನಿಂತಿತ್ತು. ಭಾಗಗಳು ಹಲಗೆಗಳ ಮೇಲೆ ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಭಾವ ಬಿಳಿ ಬಣ್ಣದಲ್ಲಿ ಗುರುತು ಹಾಕಿದ್ದರು. ಕನ್ನಡದ ಅಂಕಿಗಳಲ್ಲಿ. ಅದೇ ಶೆಡ್ಡಿನಲ್ಲಿ ಬೇರೆ ನಾಲ್ಕು ಕೆಲಸಗಳ ಸಾಮಾನು ಬಿದ್ದಿರುತ್ತಿತ್ತು. ಎಲ್ಲರೂ ಒಂದು ಎರಡು ಎಂದು ಇಂಗ್ಲಿಷಿನಲ್ಲಿ ಬರೆದು ಹಿಂದೊಮ್ಮೆ ಎಲ್ಲ ಕಲಸಿಹೋಗಿತ್ತಂತೆ. ಅಂದಿನಿಂದ ಭಾವ ತಮ್ಮ ಕೆಲಸಕ್ಕೆ ಕನ್ನಡವನ್ನೇ ಬರೆಯುತ್ತಿದ್ದರು. ಅವರ ಸಾಮಾನು ಯಾರ ಸಾಮಾನಿನೊಡನೆಯೂ ಬೆರೆಯುತ್ತಿರಲಿಲ್ಲ.

"ಇದು ಅಕ್ಷರವೋ, ಬಸವನಹುಳವೋ?" ಎಂದ ಫೋರ್‌ಮನ್. "ಮೂರು ತಿಂಗಳಿಂದ ನನ್ನ ಶೆಡ್ಡಿನಲ್ಲಿ ಹುಳಗಳು ಮಲಗಿವೆ. ನೀನು ಓದಬಲ್ಲೆಯಾ?"

"ಬಲ್ಲೆ," ಎಂದೆ.

ಮೂಲೆಯಲ್ಲಿ ಒಂದು ಡ್ರಮ್ ಬೋರಲು ಹಾಕಿಕೊಂಡು ಮುದುಕರೊಬ್ಬರು ಕೂತಿದ್ದರು. ಯಂತ್ರದ ಯಜಮಾನರು. ಅಪ್ಪನ ಜತೆ ಹುಡುಗನಾಗಿದ್ದಾಗ ಕೆನಡಾದಿಂದ ಬಂದವರು. ಅವರ ಗೋಧಿ ಹೊಲ ಅಕ್ಕನ ಬಡಾವಣೆಯಿಂದ ಆಚೆಗೆ ಹತ್ತು ನಿಮಿಷದ ದಾರಿ. ಅಲ್ಲೂ ಸೈಟುಗಳ ಗೂಟ ಹೊಡೆದಾಗಿತ್ತು. ರಸ್ತೆಯ ಬದಿಗೆ ಒಂದು ಪಟ್ಟಿಯಷ್ಟು ಗೋಧಿ ಉಳಿಸಿಕೊಂಡಿದ್ದರು. ಅದನ್ನು ತಮ್ಮ ಅಪ್ಪ ತರಿಸಿದ ಈ ಯಂತ್ರದಿಂದಲೇ ಕೊಯ್ಯಬೇಕು, ಆಮೇಲೆ ಮಣ್ಣು ಅಗೆಯುವವರು ಬರಲಿ ಎಂಬುದು ಅವರ ಹಟ. ಅಗೆಯುವವರು ಆರು ವಾರಕ್ಕೆ ಬರುವವರಿದ್ದರು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಫೋರ್‌ಮನ್‌ಗೆ ಹೇಳಿದರು: "ಮತ್ತೆ ಅಂಥವನೇ? ಇದು ರೈತರು ರೈತರಿಗಾಗಿ ಮಾಡಿದ ಯಂತ್ರ. ಗೋಧಿ ಹೊಲದಲ್ಲಿ ಒಂದು ದಿನ ನಿಂತವನು ಸಿಗಲಿಲ್ಲವಾ ನಿನಗೆ?"

"ಓದಲು ಬರುವವನು ಇವನೊಬ್ಬನೇ," ಎಂದ ಫೋರ್‌ಮನ್, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

ಸಿಡ್ನಿಗೆ ಫೋನ್ ಮಾಡಿ ಸಂಬಳವಿಲ್ಲದ ರಜೆ ಆರು ವಾರ ಕೇಳಿದೆ. ಕೊಟ್ಟರು.

ಮೊದಲ ಎರಡು ವಾರ ಕೆಲಸ ಸಲೀಸಾಗಿ ಹೋಯಿತು. ಭಾವ ಒಳಗಿನಿಂದ ಹೊರಕ್ಕೆ ಗುರುತು ಹಾಕಿದ್ದರು. ಕಾಳು ಒಕ್ಕುವ ಉರುಳೆ ೧, ಅದರ ಬೇರಿಂಗುಗಳು ೨ ಮತ್ತು ೩, ಅದರ ಕೆಳಗಿನ ಜಾಲರಿ ೪. ತೂರುವ ಫ್ಯಾನು, ಜರಡಿಗಳು, ಕಾಳು ಮೇಲಕ್ಕೆ ಒಯ್ಯುವ ಚೈನು, ಎಲ್ಲ ವರಸೆಯಾಗಿ. ಸವೆದ ಕಡೆ ಹೊಸದು ಮಾಡಿಯೇ ಇಟ್ಟಿದ್ದರು. ಒಂದು ಬುಷ್ ಹಾಕಿ ತಿರುಗಿಸಿದರೆ ಸದ್ದೇ ಬರುತ್ತಿರಲಿಲ್ಲ. ಭಾವ ಉಡುಪಿ ಕಡೆಯ ಕಂಚು ಎರಕದ ಮನೆಯವರು. ಶಾಲೆ ಏಳನೆಯ ತರಗತಿಗೆ ನಿಂತಿತ್ತು. ಐಟಿಐ ಮುಗಿಸಿದ ನನ್ನನ್ನು "ಸರ್ಟಿಫಿಕೇಟ್ ಫಿಟ್ಟರ್" ಎಂದು ಕರೆಯುತ್ತಿದ್ದರು. "ನಿನ್ನ ಸರ್ಟಿಫಿಕೇಟ್ ಗೋಡೆ ಮೇಲೆ ಉಂಟು, ನಂದು ಬೆರಳಿನ ತುದಿಯಲ್ಲಿ ಉಂಟು" ಎನ್ನುವರು. ಎದುರಿಗೆ ನಗುತ್ತಿದ್ದೆ. ಒಳಗೆ ಚುಚ್ಚುತ್ತಿತ್ತು. ಈಗ ಬರೆಯುವಾಗ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮುದುಕರು ದಿನ ಬಿಟ್ಟು ದಿನ ಬಂದು ಡ್ರಮ್ಮಿನ ಮೇಲೆ ಕೂರುತ್ತಿದ್ದರು. ಮಾತಿಲ್ಲ. ನಾನು ಬೋಲ್ಟು ಬಿಗಿದು ಕೆಳಗಿಳಿದರೆ ಅವರು ಎದ್ದು ಬಂದು ಅದೇ ಬೋಲ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ ಹಿಂದಕ್ಕೆ ಹೋಗುವರು. ಎಂಟು ಹತ್ತು ಸಲ ಹೀಗಾದ ಮೇಲೆ ನಾನು ಒಂದು ಬೋಲ್ಟನ್ನು ಬೇಕೆಂದೇ ಸಡಿಲ ಬಿಟ್ಟೆ. ಅವರು ಅದನ್ನು ಹಿಡಿದು, "ಇದೊಂದು ಮಾತ್ರ ನಾನಂದುಕೊಂಡ ಹಾಗೆ ಇದೆ," ಎಂದರು.

ಮೂರನೆಯ ವಾರ ಯಂತ್ರದ ಮುಂಭಾಗಕ್ಕೆ ಬಂದೆ. ಬೆಳೆಯನ್ನು ಕತ್ತರಿಸುವ ಅಗಲವಾದ ಬಾಯಿ ಅದು. ಅದರೊಳಗೆ ಅಡ್ಡಲಾಗಿ ಒಂದು ಉದ್ದ ಕೊಳವೆ, ಕೊಳವೆಗೆ ಸುತ್ತಿಕೊಂಡ ತಗಡಿನ ಸುರುಳಿ. ಆಗರ್ ಎನ್ನುತ್ತಾರೆ. ಅದು ಎರಡು ತುಂಡು. ಒಂದರ ಸುರುಳಿ ಒಂದು ಕಡೆಗೆ ಸುತ್ತಿದರೆ ಇನ್ನೊಂದರದ್ದು ಎದುರು ಕಡೆಗೆ. ಎರಡೂ ತಿರುಗಿದಾಗ ಕೊಯ್ದ ಬೆಳೆ ಎರಡು ತುದಿಗಳಿಂದ ನಡುವಿಗೆ ಬಂದು ಗಂಟಲಿಗೆ ಹೋಗಬೇಕು. ಇಲ್ಲಿ ಎಲ್ಲವೂ ಜೋಡಿ. ಜೋಡಿಗಳಿಗೆ ಭಾವ ಅಂಕಿಯ ಪಕ್ಕ ಒಂದೊಂದು ಅಕ್ಷರ ಬರೆದಿದ್ದರು. ೩೧ ಎ, ೩೧ ಬ. ಎಡ, ಬಲ. ಇದಕ್ಕಿಂತ ಸರಳ ಯಾವುದಿದೆ? ಯಂತ್ರದ ಬಾಯಿಗೆ ಎದುರಾಗಿ ನಿಂತುಕೊಂಡು ಎ ಇದ್ದದ್ದನ್ನೆಲ್ಲ ಎಡಕ್ಕೆ, ಬ ಇದ್ದದ್ದನ್ನೆಲ್ಲ ಬಲಕ್ಕೆ ಹಾಕುತ್ತ ಹೋದೆ.

ಆಗ ಶುರುವಾಯಿತು. ಬ್ರಾಕೆಟ್ಟಿನ ತೂತು ಒಂದಕ್ಕೊಂದು ಕೂಡಲಿಲ್ಲ. ಅಂಗುಲದ ಎಂಟರಲ್ಲೊಂದು ಭಾಗ ಆಚೆ. ರೌಂಡ್ ಫೈಲ್ ಹಿಡಿದು ತೂತು ದೊಡ್ಡದು ಮಾಡಿದೆ. ಬೇರಿಂಗಿನ ಮುಚ್ಚಳ ಕೂರಲಿಲ್ಲ, ಕೆಳಗೆ ತಗಡಿನ ಚೂರು ಕೊಟ್ಟೆ. ಕೊನೆಗೆ ಆಗರ್ ತಿರುಗಿಸುವ ಚೈನಿನ ಹಲ್ಲುಚಕ್ರ ಹಾಕಲು ಹೋದರೆ, ಚಕ್ರ ಜಾರದಂತೆ ಕೀ ಕೂರಿಸುವ ಕೊರೆತವೇ ಆ ತುದಿಯಲ್ಲಿ ಇಲ್ಲ. ಕೊರೆತ ಇದ್ದದ್ದು ಇನ್ನೊಂದು ತುಂಡಿನ ತುದಿಯಲ್ಲಿ, ಚೈನೇ ಬಾರದ ಕಡೆ. ಎರಡೂ ತುದಿಗಳನ್ನು ಭಾವ ಲೇತಿನಲ್ಲಿ ಹೊಸದಾಗಿ ಮಾಡಿದ್ದರು.

ನನಗೆ ಆಗ ಬಂದ ಸಿಟ್ಟು ಬರಬೇಕಾದ ಪ್ರಮಾಣದ್ದಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಹಲಗೆಯ ಮೇಲೆ ಎಸೆದೆ. ಬೆರಳಿನ ತುದಿಯ ಸರ್ಟಿಫಿಕೇಟ್ ಎಂದು ಹೇಳಿಕೊಂಡು ತಿರುಗಿದ ಮನುಷ್ಯ ಕೊರೆತವನ್ನು ತಪ್ಪು ತುದಿಗೆ ಹಾಕಿ, ನನ್ನ ತಲೆಗೆ ಕಟ್ಟಿ ಹೋಗಿದ್ದಾರೆ ಎನಿಸಿತು. ಸದ್ದಿಗೆ ಮುದುಕರು ಎದ್ದು ಬಂದರು. ಫೋರ್‌ಮನ್ ಬಿಡುವಿನ ಹೊತ್ತಿನ ಚಹಾ ಕಪ್ಪು ಹಿಡಿದೇ ಬಂದ.

"ಅವನು ಹಾಳು ಮಾಡಿಟ್ಟಿದ್ದಾನೆ, ಅಲ್ಲವಾ?" ಮುದುಕರು ಕೇಳಿದರು. "ನಾನು ಮೊದಲೇ ಹೇಳಿದ್ದೆ."

ಫೋರ್‌ಮನ್ ನನ್ನತ್ತ ತಿರುಗಿದ. "ಯಾರದು, ಮೇಟ್? ನಿನ್ನದಾ, ಅವನದಾ?"

"ಅವರದು," ಎಂದೆ. "ತಪ್ಪು ತುದಿಗೆ ಕೊರೆದಿದ್ದಾರೆ."

ಫೋರ್‌ಮನ್ ಜೇಬಿನಿಂದ ಪೆನ್ನು ತೆಗೆದು, ಕೆಲಸದ ವಿವರ ದಾಖಲಿಸುವ ಜಾಬ್ ಕಾರ್ಡಿನಲ್ಲಿ ಅಲ್ಲೇ ಬರೆದ: ಹಿಂದಿನ ಫಿಟ್ಟರನ ತಪ್ಪು. ಮುದುಕರು ಅದನ್ನು ಗಟ್ಟಿಯಾಗಿ ಓದಿದರು. ನಾನು ತುಂಡನ್ನು ಬಿಚ್ಚಿ ಮಿಲ್ಲಿಂಗ್ ಮೆಷಿನ್ನಿಗೆ ಒಯ್ದು, ಭಾವ ಕನ್ನಡಿಯಂತೆ ನಯ ಮಾಡಿಟ್ಟಿದ್ದ ತುದಿಗೆ ಹೊಸ ಕೊರೆತ ಹಾಕಿದೆ.

ನಾಲ್ಕನೆಯ ವಾರದ ಕೊನೆಗೆ ಯಂತ್ರವನ್ನು ಅಂಗಳಕ್ಕೆ ಎಳೆದು ಟ್ರ್ಯಾಕ್ಟರಿಗೆ ಕಟ್ಟಿದೆವು. ಉರುಳೆ ತಿರುಗಿತು, ಫ್ಯಾನು ತಿರುಗಿತು, ಆಗರ್ ತಿರುಗಿತು. ಮುದುಕರು ತಮ್ಮ ಪಿಕಪ್ಪಿನಿಂದ ಹುಲ್ಲಿನ ಕಟ್ಟು ತಂದು ಬಿಡಿಸಿ, ಯಂತ್ರದ ಬಾಯಿಗೆ ಎರಡು ತೋಳು ತುಂಬ ಹಾಕಿದರು. ಹುಲ್ಲು ನಡುವಿಗೆ ಬರಲಿಲ್ಲ. ಇಬ್ಭಾಗವಾಗಿ ಎರಡು ತುದಿಗಳಿಗೆ ಸರಿದು, ಅಲ್ಲಿ ಮುದ್ದೆಯಾಗಿ ಸಿಕ್ಕಿಕೊಂಡಿತು. ಚೈನು ಕಿತ್ತು ಬಿತ್ತು.

ಟ್ರ್ಯಾಕ್ಟರ್ ನಿಲ್ಲಿಸಿದೆವು.

"ಉಗುಳುತ್ತಿದೆ," ಎಂದರು ಮುದುಕರು. "ಐವತ್ತು ವರ್ಷ ನುಂಗಿದ ಯಂತ್ರ. ನೀವಿಬ್ಬರು ಸೇರಿ ಅದಕ್ಕೆ ಉಗುಳಲು ಕಲಿಸಿದಿರಿ."

ಫೋರ್‌ಮನ್ ನನ್ನನ್ನು ಬದಿಗೆ ಕರೆದ. ಮುಂದಿನ ಶನಿವಾರದೊಳಗೆ ಆಗದಿದ್ದರೆ ಯಂತ್ರ ಗುಜರಿಗೆ ಹೋಗುತ್ತದೆ, ಮುದುಕ ಹಾಗೆಂದು ಹೇಳಿದ್ದಾನೆ ಎಂದ. "ನಿನ್ನ ಮೇಲೇನೂ ಬರುವುದಿಲ್ಲ, ಬಿಡು. ಕಾರ್ಡಿನಲ್ಲಿ ಬರೆದಾಗಿದೆ."

ಅವನು ಅದನ್ನು ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನವೂ ಆಯಿತು.

ಮರುದಿನ ಭಾನುವಾರ ಭಾವನ ನಲವತ್ತೈದನೆಯ ದಿನದ ಕ್ರಿಯೆ. ಅಕ್ಕ ಬೆಳಗ್ಗಿನಿಂದ ನನ್ನೊಡನೆ ಮಾತಾಡಿರಲಿಲ್ಲ. ಆ ಕೆಲಸಕ್ಕೆ ಹೋಗುವುದೇ ಅವಳಿಗೆ ಹಿಡಿಸಿರಲಿಲ್ಲ. ದೇವರ ಕೋಣೆಯೆಂದರೆ ಲಾಂಡ್ರಿಯ ಪಕ್ಕದ ಕಪಾಟು. ಅಲ್ಲಿ ಭಾವನೇ ಎರಕ ಹೊಯ್ದ ಸಣ್ಣ ದೇವರ ಮೂರ್ತಿ ಇತ್ತು. ಅಡುಗೆಮನೆಯಿಂದಲೇ ಕೂಗಿ ಹೇಳಿದಳು, "ಎಣ್ಣೆ ಹಾಕಿದ್ದೇನೆ. ದೀಪ ಬಲಬದಿಗೆ ಇಡು."

ಇಟ್ಟೆ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಎಂತ ಮಾಡಿದ್ದು ಇದು? ಬಲಬದಿಗೆ ಹೇಳಿದ್ದಲ್ವಾ?"

"ಬಲಕ್ಕೇ ಇಟ್ಟಿದ್ದೇನಲ್ಲ ಅಕ್ಕ."

"ಅದು ನಿನ್ನ ಬಲ. ದೀಪ ನಿಂಗಾ ದೇವರಿಗಾ? ದೇವರ ಬಲಕ್ಕೆ ಇಡ್ಬೇಕು." ದೀಪವನ್ನು ತಾನೇ ಎತ್ತಿ ನನ್ನ ಎಡಬದಿಗಿಟ್ಟಳು. "ಅವರಿದ್ದಿದ್ರೆ ಕೈ ಮೇಲೆ ಹೊಡೀತಿದ್ರು. ಎದುರಿಗೆ ನಿಂತವನ ಎಡಬಲ ಅವರ ಬಾಯಲ್ಲಿ ಇರ್ಲೇ ಇಲ್ಲ. ಮದುವೆಯಾದ ಹೊಸತರಲ್ಲಿ, ಎರಕ ಹೊಯ್ದ ಭೂತದ ಮೊಗಕ್ಕೆ ಬಲಗಿವಿಯ ಓಲೆ ಕೊಡು ಅಂದ್ರು. ನಾನು ನನ್ನ ಬಲಬದಿಯದ್ದು ಕೊಟ್ಟೆ. ಎಷ್ಟು ನಗಾಡಿದ್ರು ಗೊತ್ತುಂಟಾ."

ನಾನು ಅಲ್ಲೇ ಕೂತುಬಿಟ್ಟೆ. ಎರಕದ ಮನೆಯವರಿಗೆ ಎಡಬಲವೆಂದರೆ ಮೂರ್ತಿಯ ಎಡಬಲ. ಮುಖ ಇರುವುದು ಯಾವುದೋ ಅದರದ್ದು. ಭಾವ ಯಂತ್ರದ ಬಾಯಿಗೆ ಎದುರಾಗಿ ನಿಂತೇ ಬರೆದಿದ್ದರು. ಆದರೆ ಬರೆದದ್ದು ಯಂತ್ರದ ಎಡವನ್ನು. ಕೊರೆತ ಸರಿಯಾದ ತುದಿಯಲ್ಲೇ ಇತ್ತು. ತೂತುಗಳು ಸರಿಯಾಗಿಯೇ ಇದ್ದವು. ಒಂದು ಅಕ್ಷರವನ್ನು ಓದಲು ಬರುತ್ತದೆಂದು ಹೇಳಿ ಬಂದ ನಾನು, ಅದೊಂದು ಅಕ್ಷರವನ್ನೇ ತಪ್ಪು ಓದಿದ್ದೆ.

"ಎಂತಾಯ್ತು ನಿಂಗೆ?" ಅಕ್ಕ ಕೇಳಿದಳು.

ಹೇಳಿದೆ. ಯಂತ್ರದ್ದನ್ನೂ ಹೇಳಿದೆ, ಕಾರ್ಡಿನಲ್ಲಿ ಬರೆಸಿದ್ದನ್ನೂ ಹೇಳಿದೆ. ಎರಡನೆಯದನ್ನು ಕೇಳುವಾಗ ಅವಳ ಮುಖ ಗಟ್ಟಿಯಾಯಿತು.

"ನೀನಾಗೇ ಹೇಳಿದ್ದಾ?"

"ಅವನು ಕೇಳಿದ. ಹೌದು ಅಂದೆ."

"ಎರಡು ತಿಂಗಳೂ ಆಗ್ಲಿಲ್ಲ ಅವರು ಹೋಗಿ. ಅವರ ಚಪ್ಪಲಿ ಇನ್ನೂ ಬಾಗಿಲಲ್ಲಿ ಉಂಟು." ಅವಳು ಧ್ವನಿ ಏರಿಸಲಿಲ್ಲ. "ಎದುರು ಮಾತಾಡ್ಲಿಕ್ಕೆ ಆಗದವರ ಮೇಲೆ ಹಾಕಿಬಿಟ್ರೆ ಸುಲಭ, ಅಲ್ವಾ? ಬಿಳಿಯ ಹೇಳಿದ್ರೂ ನಂಗೆ ಇಷ್ಟು ಬೇಜಾರಾಗ್ತಿರ್ಲಿಲ್ಲ. ನೀನು ಹೇಳಿದ್ದಲ್ವಾ."

ಊಟಕ್ಕೆ ನನಗೆ ಎಲೆ ಹಾಕಿದಳು. ಬಡಿಸಿದ್ದು ಅವಳ ಮಗಳು.

ಸೋಮವಾರ ಬೆಳಗ್ಗೆ ಫೋರ್‌ಮನ್‌ಗೆ ಹೇಳಿದೆ: ಮುಂಭಾಗ ಪೂರ್ತಿ ಬಿಚ್ಚಬೇಕು, ತಪ್ಪು ನನ್ನದು. ಅವನು ಎರಡನೆಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಐದು ದಿನದಲ್ಲಿ ಬಿಚ್ಚಿ ಕಟ್ಟುವುದಕ್ಕೆ ಆಗುವುದಿಲ್ಲ. ತಿರುಗುವ ದಿಕ್ಕನ್ನೇ ಉಲ್ಟಾ ಮಾಡು. ಚೈನನ್ನು ಎಂಟರ ಆಕಾರದಲ್ಲಿ ದಾಟಿಸು, ಇಲ್ಲ ನಡುವೆ ಒಂದು ಗೇರ್ ಹಾಕು. ಆಗರ್ ಹಿಂದುಮುಂದಾಗಿ ತಿರುಗಿದರೆ ಬೆಳೆ ನಡುವಿಗೇ ಬರುತ್ತದೆ."

ಅದು ಮೂರ್ಖ ಸಲಹೆಯಾಗಿರಲಿಲ್ಲ. ಒಂದು ದಿನದಲ್ಲಿ ಆಗುವ ಕೆಲಸ. ಬೆಳೆ ನಡುವಿಗೆ ಬರುತ್ತಿತ್ತು ಕೂಡ. ಆದರೆ ಹಿಂದುಮುಂದು ತಿರುಗಿದ ಆಗರ್ ಬೆಳೆಯನ್ನು ಅಡಿಯಿಂದ ಒಳಕ್ಕೆ ಎಳೆಯುವ ಬದಲು ಮೇಲಿನಿಂದ ಹೊರಕ್ಕೆ ಎಸೆಯುತ್ತಿತ್ತು. ಅರ್ಧ ನುಂಗಿ ಅರ್ಧ ಬಿಡುತ್ತಿತ್ತು. ಇನ್ನೂ ಒಂದು ಇತ್ತು. ಹಾಗೆ ಓಡಿಸಿದರೆ ಕಾರ್ಡಿನ ಆ ಸಾಲು ನಿಜವೆಂದೇ ಉಳಿಯುತ್ತಿತ್ತು. ಹಿಂದಿನವನು ಕೆಡಿಸಿದ್ದನ್ನು ಇವನು ಹೇಗೋ ಓಡಿಸಿದ ಎಂದು.

"ಬಿಚ್ಚುತ್ತೇನೆ," ಎಂದೆ.

"ನಿನ್ನಿಷ್ಟ. ಶನಿವಾರ ಯಂತ್ರ ಹೊರುವ ಲೋ-ಲೋಡರ್ ಲಾರಿ ಬರುತ್ತದೆ. ಹೊಲಕ್ಕೋ ಗುಜರಿಗೋ, ಅದಕ್ಕೆ ಎರಡೂ ಒಂದೇ."

ಬಿಚ್ಚಿದೆ. ಹಿಗ್ಗಿಸಿದ ಒಂದೊಂದು ತೂತಿಗೂ ಒಳಗೆ ಉಕ್ಕಿನ ಬುಷ್ ಮಾಡಿ ಕೂರಿಸಿ, ಮೊದಲಿನ ಅಳತೆಗೆ ತಂದೆ. ಹದಿನಾರು ತೂತು, ಎರಡು ದಿನ. ನಾನು ಕೊಟ್ಟಿದ್ದ ತಗಡಿನ ಚೂರುಗಳನ್ನು ಕಿತ್ತು ಎಸೆದೆ. ಎ ಇದ್ದದ್ದು ಆಚೆಗೆ, ಬ ಇದ್ದದ್ದು ಈಚೆಗೆ. ಬೇರಿಂಗಿನ ಮುಚ್ಚಳ ಅಂಗೈಯ ಒತ್ತಿಗೇ ಕೂತಿತು. ಬೋಲ್ಟುಗಳು ಬೆರಳಿನಲ್ಲೇ ಒಳಗೆ ಹೋದವು. ಹಲ್ಲುಚಕ್ರ ಭಾವ ಕೊರೆದ ಕೊರೆತದ ಮೇಲೆ ಜಾರಿ, ಕೀ ಹಾಕಿದ ಮೇಲೆ ಕೂದಲಷ್ಟೂ ಅಲ್ಲಾಡಲಿಲ್ಲ. ಅಷ್ಟು ಸುಲಭವಾಗಿ ಕೂತದ್ದೇ ನನಗೆ ಸಹಿಸಲು ಕಷ್ಟವಾಯಿತು. ನಾನು ಹಾಕಿದ ಕೊರೆತ ಇನ್ನೊಂದು ತುದಿಯಲ್ಲಿ ಕೆಲಸವಿಲ್ಲದೆ ಉಳಿಯಿತು. ಅದನ್ನು ವೆಲ್ಡ್ ತುಂಬಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಆ ವಾರ ಮುದುಕರು ಬರಲೇ ಇಲ್ಲ.

ಶನಿವಾರ ಯಂತ್ರ ಹೊಲಕ್ಕೆ ಹೋಯಿತು. ಗೂಟಗಳ ನಡುವೆ ಗೋಧಿಯ ಪಟ್ಟಿ ಒಣಗಿ ನಿಂತಿತ್ತು. ಆಚೆ ಹೊಸ ಮನೆಗಳ ಚೌಕಟ್ಟುಗಳು. ಮುದುಕರು ಯಾರನ್ನೂ ಮಾತನಾಡಿಸದೆ ಟ್ರ್ಯಾಕ್ಟರ್ ಹತ್ತಿದರು. ನಾನು ಯಂತ್ರದ ಪಕ್ಕದಲ್ಲೇ ನಡೆದೆ. ಕತ್ತಿಗಳು ತಗುಲಿದವು, ಗೋಧಿ ಬಿತ್ತು, ಎರಡೂ ತುದಿಗಳಿಂದ ಸರಿದು ನಡುವಿಗೆ ಬಂತು. ಗಂಟಲಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಲಿನ ಪೆಟ್ಟಿಗೆಯ ತಗಡಿಗೆ ಕಾಳು ಬಡಿಯುವ ಸದ್ದು ಕೇಳಿಸಿತು, ಸೋನೆ ಮಳೆಯ ಹಾಗೆ ಶುರುವಾಗಿ ಆಮೇಲೆ ಜೋರಾಗಿ.

ಪಟ್ಟಿಯ ಕೊನೆಯಲ್ಲಿ ತಿರುಗಿಸಿ ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಫೋರ್‌ಮನ್ ಸಹಿಗೆಂದು ಕಾರ್ಡು ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದ. ನಾನು ಟ್ರ್ಯಾಕ್ಟರಿನ ಹತ್ತಿರ ಹೋಗಿ ಮುದುಕರಿಗೆ ಹೇಳಿದೆ: "ಆ ತಪ್ಪು ನನ್ನ ಭಾವನದಲ್ಲ. ನನ್ನದು."

ಅವರು ಕಿವಿಗೆ ಕೈ ಹಿಡಿದರು. "ಏನು?"

"ತಪ್ಪು ನನ್ನದು! ಎಡಬಲ ನಾನು ತಿರುಗಿಸಿ ಓದಿದೆ!"

"ಕೇಳಿಸುವುದಿಲ್ಲ!"

ಜೀವನದಲ್ಲಿ ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. "ಅವರು ಮಾಡಿದ್ದೆಲ್ಲ ಸರಿ ಇತ್ತು! ಕೆಡಿಸಿದ್ದು ನಾನು! ಅವರ ಮೇಲೆ ಸುಳ್ಳು ಹೇಳಿದ್ದೂ ನಾನು!" ಚೌಕಟ್ಟುಗಳ ಮೇಲಿದ್ದ ಬಡಗಿಗಳು ಮೊಳೆ ಹೊಡೆಯುವುದು ನಿಲ್ಲಿಸಿ ಈಚೆ ನೋಡಿದರು.

ಮುದುಕರು ಬಗ್ಗಿ ಎಂಜಿನ್ ಆರಿಸಿದರು.

"ಮೊದಲನೆಯ ಸಲವೇ ಕೇಳಿಸಿತ್ತು," ಎಂದರು. "ಡ್ರೈವರ್ ಕೂತ ಎಡವೇ ಎಡ. ಯಾವ ರೈತನ ಮಗನಿಗಾದರೂ ಗೊತ್ತು. ನಿನ್ನ ಭಾವನಿಗೂ ಗೊತ್ತಿತ್ತು. ನಿನಗೆ ಗೊತ್ತಿಲ್ಲದಿದ್ದರೆ ನನ್ನನ್ನು ಕೇಳಬಹುದಿತ್ತು, ದಿನಗಟ್ಟಲೆ ಅಲ್ಲೇ ಕೂತಿದ್ದೆ." ಆಮೇಲೆ ಗದ್ದದಿಂದ ಫೋರ್‌ಮನ್ ಕಡೆ ತೋರಿಸಿದರು. "ಕೂಗಿಸಿದ್ದು ಅವನಿಗೆ ಕೇಳಿಸಲಿ ಅಂತ. ಬರೆದವನು ಅವನು."

ನನ್ನ ಕೈ ಕುಲುಕಲಿಲ್ಲ. ಕೆಳಗಿಳಿದು, ಪೆಟ್ಟಿಗೆಯ ಕಾಳು ನೋಡಲು ಹೋದರು.

ಫೋರ್‌ಮನ್ ಹತ್ತಿರ ಬಂದ. "ಯಂತ್ರ ಓಡಿತಲ್ಲ ಮೇಟ್. ಸತ್ತವನಿಗೆ ಇದರಿಂದ ಆಗುವುದೇನು? ನಿನ್ನ ಹೆಸರು ಹಾಕಿದರೆ ಅದು ಕಡತದಲ್ಲಿ ಉಳಿಯುತ್ತದೆ."

"ಉಳಿಯಲಿ."

ಅವನು ಕಾರ್ಡನ್ನು ಟ್ರ್ಯಾಕ್ಟರಿನ ಗಾಲಿಗೆ ಒತ್ತಿ ಹಿಡಿದು, ಹಿಂದಿನ ಫಿಟ್ಟರನ ತಪ್ಪು ಎಂಬ ಸಾಲನ್ನು ಎರಡು ಗೆರೆ ಎಳೆದು ಹೊಡೆದ. ಅದರ ಕೆಳಗೆ ಬರೆಯಲು ಹೋಗಿ ಪೆನ್ನು ನಿಲ್ಲಿಸಿದ. ನನ್ನ ಮುಖ ನೋಡಿ, ಸ್ವಲ್ಪ ನಾಚಿದವನಂತೆ, ನಿನ್ನ ಹೆಸರೇನು ಎಂದು ಕೇಳಿದ. ಆ ಶೆಡ್ಡಿಗೆ ಬಂದಂದಿನಿಂದ ಅವನು ನನ್ನ ಹೆಸರು ಕೇಳಿದ್ದು ಅದೇ ಮೊದಲು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವನು ತಪ್ಪಿಲ್ಲದೆ ಬರೆದುಕೊಂಡ.